ಎಣ್ಣೆಯ ಕೈಗೊಂದು ಉದ್ಯೋಗ

“ಸ್ಪಾ” ಎಂಬುದು ಒಂದೇ ಅಕ್ಷರದ ಮಾತು. ಠಾಣೆಯ ಘೋಡ್‌ಬಂದರ್ ರಸ್ತೆಯಿಂದ ಹಿಡಿದು ಡೊಂಬಿವಲಿ, ಕಲ್ಯಾಣಗಳ ಸ್ಟೇಶನ್ನಿನ ಸುತ್ತಮುತ್ತಲವರೆಗೆ, ಅತ್ತ ನವಿ ಮುಂಬಯಿಯ ವಾಶಿ, ಬೇಲಾಪುರ, ಖಾರ್‌ಘರ್‌ಗಳವರೆಗೆ ಈ ಒಂದಕ್ಷರವನ್ನು ಹೊತ್ತ ಬೋರ್ಡುಗಳು ಇಂದು ಎಲ್ಲೆಲ್ಲಿಯೂ ಕಾಣುತ್ತವೆ. ಬ್ಯಾಂಕಿನ ಮಾಳಿಗೆಯ ಮೇಲೊಂದು, ಔಷಧದ ಅಂಗಡಿಯ ಪಕ್ಕದಲ್ಲೊಂದು, ದೊಡ್ಡ ಹೋಟೆಲಿನ ಒಳಗೊಂದು. ಓದುವುದಕ್ಕೇನೋ ಸುಲಭ, ಮನೆಯಲ್ಲಿ ಹಿರಿಯರ ಮುಂದೆ ಆಡುವುದಕ್ಕೆ ಮಾತ್ರ ಅಷ್ಟು ಸುಲಭವಲ್ಲ. ಮಗ “ಬ್ಯಾಂಕಿಗೆ ಸೇರುತ್ತೇನೆ” ಎಂದರೆ ತಂದೆಗೆ ಸಂತೋಷ. ಮಗಳು “ಶಾಲೆಯಲ್ಲಿ ಪಾಠ ಹೇಳುತ್ತೇನೆ” ಎಂದರೆ ತಾಯಿಗೆ ನಿಶ್ಚಿಂತೆ. “ಸ್ಪಾದಲ್ಲಿ ಥೆರಪಿಸ್ಟ್ ಆಗುತ್ತೇನೆ” ಎಂದರೋ, ಊಟಕ್ಕೆ ಕುಳಿತವರ ಕೈ ಒಂದು ಗಳಿಗೆ ತಟ್ಟೆಯಲ್ಲಿಯೇ ನಿಲ್ಲುತ್ತದೆ.

ಆದರೆ ನಮ್ಮವರ ಮಕ್ಕಳು ಈ ಕೆಲಸಕ್ಕೆ ಹೋಗತೊಡಗಿದ್ದಾರೆ. ಹೋಗುವವರು ಇರುವಾಗ ಮನೆಯವರು ಮಾತೇ ಆಡದೆ ಕುಳಿತುಕೊಳ್ಳುವುದು ಜಾಣತನವಲ್ಲ. ಆದುದರಿಂದ ನಾವು ಈ ಕಸುಬಿನಲ್ಲಿರುವ ನಾಲ್ಕಾರು ಜನರನ್ನು ವಿಚಾರಿಸಿ, ಕಾಗದಪತ್ರಗಳನ್ನು ತಿರುವಿ ಹಾಕಿ, ತಿಳಿದಷ್ಟನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ. ನಮ್ಮದು ಗುಮಾಸ್ತಿಕೆಯ ಅಭ್ಯಾಸ. ಯಾವ ವಿಷಯ ಬಂದರೂ ಮೊದಲು ಹಳೆಯ ಫೈಲು ತೆಗೆದು ನೋಡದೆ ಟಿಪ್ಪಣಿ ಬರೆಯಲಾರೆವು. ಅಲ್ಲಿಂದಲೇ ಪ್ರಾರಂಭಿಸೋಣ.

ಹಳೆಯ ಫೈಲು

ಸ್ಪಾ ಎಂಬುದು ಮೂಲತಃ ಒಂದು ಊರಿನ ಹೆಸರು. ಬೆಲ್ಜಿಯಂ ದೇಶದ ಈ ಊರಿನಲ್ಲಿ ಖನಿಜಯುಕ್ತ ನೀರಿನ ಬುಗ್ಗೆಗಳುಂಟು. ಆ ನೀರನ್ನು ಕುಡಿಯುವುದಕ್ಕೂ ಅದರಲ್ಲಿ ಮೀಯುವುದಕ್ಕೂ ಯುರೋಪಿನ ಜನ ನೂರಾರು ವರ್ಷಗಳಿಂದ ಅಲ್ಲಿಗೆ ಹೋಗುತ್ತಿದ್ದರು. ಬರಬರುತ್ತ ಇಂಗ್ಲಿಷಿನಲ್ಲಿ ಅಂಥ ಎಲ್ಲ ಸ್ಥಳಗಳಿಗೂ ಆ ಊರಿನ ಹೆಸರೇ ನಿಂತಿತು. 2021ರಲ್ಲಿ ಯುನೆಸ್ಕೋ ಸಂಸ್ಥೆ ಯುರೋಪಿನ ಇಂಥ 11 ಊರುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು; ಸ್ಪಾ ಊರೂ ಅವುಗಳಲ್ಲಿ ಒಂದು.

ಹಾಗೆ ನೋಡಿದರೆ ನಮ್ಮ ಠಾಣೆ ಜಿಲ್ಲೆಗೂ ಒಂದು ಸ್ಪಾ ಊರು ಇದ್ದೇ ಇದೆ. ಭಿವಂಡಿ ತಾಲೂಕಿನಲ್ಲಿ ತಾನ್ಸಾ ಹೊಳೆಯ ದಂಡೆಯ ವಜ್ರೇಶ್ವರಿ, ಅಕ್ಲೋಲಿ, ಗಣೇಶಪುರಿಗಳ ಬಿಸಿನೀರಿನ ಕುಂಡಗಳನ್ನು ನೋಡದ ಕನ್ನಡ ಕುಟುಂಬ ಈ ಭಾಗದಲ್ಲಿ ವಿರಳ. ಬುತ್ತಿ ಕಟ್ಟಿಕೊಂಡು ಹೋಗಿ, ಕುಂಡದಲ್ಲಿ ಕಾಲಿಳಿಬಿಟ್ಟು ಕುಳಿತು, ಮಂಡಿನೋವು ಇಳಿಯಿತೆಂದು ಹೇಳಿಕೊಂಡು ಬರುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ವಜ್ರೇಶ್ವರಿಯ ದೇವಾಲಯವನ್ನು ಕಟ್ಟಿಸಿದವನು 1739ರಲ್ಲಿ ವಸಯಿಯ ಕೋಟೆಯನ್ನು ಗೆದ್ದ ಚಿಮಾಜಿ ಅಪ್ಪ. ಅತ್ತ ದಕ್ಷಿಣ ಕನ್ನಡದವರಿಗೆ ಪುತ್ತೂರಿನ ಹತ್ತಿರ ಇರ್ದೆಯ ಬೆಂದ್ರ್‌ತೀರ್ಥ ನೆನಪಿರಬಹುದು. ಬಿಸಿನೀರಿನಲ್ಲಿ ಮೈಗೆ ಸುಖವಿದೆ ಎಂಬುದನ್ನು ನಮಗೆ ಬೆಲ್ಜಿಯಂನವರು ಕಲಿಸಬೇಕಾದುದಿಲ್ಲ.

ಎಣ್ಣೆಯ ಮಾತಂತೂ ಇನ್ನೂ ಹಳೆಯದು. ಅಭ್ಯಂಗವನ್ನು ದಿನವೂ ಮಾಡಿಕೊಳ್ಳಬೇಕು, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕು ಎಂದು ವಾಗ್ಭಟನ ‘ಅಷ್ಟಾಂಗ ಹೃದಯ’ ವಿಧಿಸುತ್ತದೆ. ಕನ್ನಡ ನಾಡಿನ ದೊರೆಯೊಬ್ಬನೇ ಈ ವಿಷಯವನ್ನು ಬರೆದಿಟ್ಟಿದ್ದಾನೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ 20 ಉಪಭೋಗಗಳ ವರ್ಣನೆ ಇದೆ. ಮನೆ, ಉಡುಪು, ಊಟ, ತಾಂಬೂಲಗಳ ಸಾಲಿನಲ್ಲಿಯೇ ಸ್ನಾನವೂ ಒಂದು, ಪಾದಾಭ್ಯಂಗವೂ ಒಂದು. ಈ ಕಲ್ಯಾಣ ನಮ್ಮ ಜಂಕ್ಷನ್ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಆದರೂ ಎರಡು ಗಂಟೆ ಲೋಕಲಿನಲ್ಲಿ ನಿಂತು ಮನೆ ಸೇರಿದ ಈ ಕಲ್ಯಾಣದ ನಿವಾಸಿಗೂ ಪಾದಾಭ್ಯಂಗದ ಅಗತ್ಯ ಆ ಕಲ್ಯಾಣದ ಅರಸನಿಗಿಂತ ಕಡಿಮೆಯೇನಲ್ಲ!

ಅರಸರ ಕಾಲ ಹೋದರೂ ಕಸುಬು ಹೋಗಲಿಲ್ಲ. ಮೈಸೂರಿನ ಜಟ್ಟಿಗಳು ಕುಸ್ತಿಯಲ್ಲಿ ಹೇಗೋ ಹಾಗೆಯೇ ಉಳುಕು ತೆಗೆಯುವುದರಲ್ಲಿ, ಮೂಳೆ ಕೂಡಿಸುವುದರಲ್ಲಿಯೂ ಹೆಸರಾದವರು. ಗರಡಿಮನೆಯಲ್ಲಿ ಮೈ ನೀವುವುದು ಒಂದು ವಿದ್ಯೆಯೇ ಆಗಿತ್ತು. ಇತ್ತ ಮುಂಬಯಿಯ ಚೌಪಾಟಿಯಲ್ಲಿ ಎಣ್ಣೆ ಸೀಸೆಗಳನ್ನು ಕಿಣಿಕಿಣಿಸುತ್ತ ತಿರುಗುತ್ತಿದ್ದ ಮಾಲೀಸಿನವರನ್ನು ಹಿರಿಯರು ಬಲ್ಲರು. 1957ರ ‘ಪ್ಯಾಸಾ’ ಚಿತ್ರದಲ್ಲಿ ಜಾನಿ ವಾಕರ್ ಧರಿಸಿದ್ದು ಅಂಥವನೊಬ್ಬನ ಪಾತ್ರವನ್ನೇ.

ಇನ್ನೊಂದು ಹೆಸರನ್ನು ಇಲ್ಲಿ ಹೇಳಲೇಬೇಕು. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತ ಬ್ರಿಟನ್ನಿಗೆ ಹೋಗಿ ನೆಲಸಿ, 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಹೋಟೆಲೊಂದನ್ನು ತೆರೆದ. ಹೋಟೆಲು ನಡೆಯಲಿಲ್ಲ. ಆದರೆ ಆತ ಊರಿಗೆ ಮರಳಲಿಲ್ಲ. ಬ್ರೈಟನ್ ಎಂಬ ಸಮುದ್ರತೀರದ ಊರಿಗೆ ಹೋಗಿ, ನಮ್ಮ ‘ಚಂಪಿ’ಯನ್ನೇ ಹಬೆಯ ಸ್ನಾನದೊಡನೆ ಸೇರಿಸಿ ಸ್ನಾನಗೃಹವನ್ನು ನಡೆಸಿದ. ನಾಲ್ಕನೆಯ ಜಾರ್ಜ್, ನಾಲ್ಕನೆಯ ವಿಲಿಯಂ ದೊರೆಗಳಿಬ್ಬರೂ ಆತನಿಗೆ ಆಶ್ರಯವಿತ್ತರು. ಇಂದು ನಾವು ತಲೆಗೆ ಹಾಕಿಕೊಳ್ಳುವ ಶಾಂಪೂವಿನ ಹೆಸರು ಹುಟ್ಟಿದ್ದು ಆ ‘ಚಂಪಿ’ಯ ಮಾತಿನಿಂದಲೇ. ಪರಸ್ಥಳಕ್ಕೆ ಹೋಗಿ ಒಂದು ಕಸುಬು ಕೈಬಿಟ್ಟಾಗ ಇನ್ನೊಂದನ್ನು ಹಿಡಿದು ನಿಲ್ಲುವುದು ನಮ್ಮ ವಲಸೆಗಾರರಿಗೆ ತಿಳಿಯದ ಕಥೆಯಲ್ಲ.

ಮನೆಯೊಳಗಿನ ವಿದ್ಯೆ

ಮನೆಯೊಳಗೆ ಈ ವಿದ್ಯೆಗೆ ಇರುವ ಗೌರವವನ್ನು ನೋಡಿರಿ. ಬಾಣಂತಿಗೆ ಎಣ್ಣೆ ಹಚ್ಚಿ ಹಂಡೆಯ ನೀರು ಹೊಯ್ಯುವವಳು ಮನೆಯಲ್ಲಿ ಹಿರಿಯಳು. ಎರಡೂ ಕಾಲು ನೀಡಿ ಕುಳಿತು, ಕೂಸನ್ನು ಕಾಲಿನ ಮೇಲೆ ಬೋರಲು ಮಲಗಿಸಿ ನೀವುವ ಅಜ್ಜಿಯ ಕೈಗೆ ಎಲ್ಲರೂ ಶರಣು. ನರಕ ಚತುರ್ದಶಿಯ ಬೆಳಗಿನ ಜಾವ ಮನೆಯಾಕೆ ಎಲ್ಲರ ನೆತ್ತಿಗೆ ಎಣ್ಣೆಯಿಡದೆ ಹಬ್ಬವೇ ಆಗದು. ನಮ್ಮ ಮರಾಠಿ ನೆರೆಯವರಲ್ಲಿಯೂ ಅದೇ ಪದ್ಧತಿ. ಅವರ ಉಟಣೆ, ನಮ್ಮ ಸೀಗೆಪುಡಿ, ಅಷ್ಟೇ ವ್ಯತ್ಯಾಸ. ಆ ಮುಂಜಾನೆ ಡೊಂಬಿವಲಿಯ ಫಡಕೆ ರಸ್ತೆಯಲ್ಲಿ ಹೊಸ ಬಟ್ಟೆಯುಟ್ಟು ನೆರೆಯುವ ಯುವಕ ಯುವತಿಯರೆಲ್ಲ ಎಣ್ಣೆನೀರು ಮಾಡಿಕೊಂಡೇ ಬಂದವರು.

ಅಜ್ಜಿ ಊರಿನಲ್ಲಿ ಉಳಿದಳು. ನಾವು ಇಲ್ಲಿ ಎರಡು ಕೋಣೆಯ ಬಿಡಾರಕ್ಕೆ ಬಂದೆವು. ಅಂದಿನಿಂದ ಆ ಕೆಲಸ ‘ಮಾಲಿಶ್‌ವಾಲಿ ಬಾಯಿ’ಯ ಪಾಲಾಯಿತು. ಡೊಂಬಿವಲಿ, ಕಲ್ಯಾಣಗಳ ಕಟ್ಟಡಗಳಲ್ಲಿ ಬೆಳಿಗ್ಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿ ಬಾಣಂತಿ ಮತ್ತು ಕೂಸಿಗೆ ಎಣ್ಣೆ ತಿಕ್ಕುವ ಈ ಹೆಂಗಸರನ್ನು ನೋಡದವರಾರು? ಹೆರಿಗೆಯ ದಿನ ಗೊತ್ತಾಗುತ್ತಲೇ ಒಳ್ಳೆಯ ಬಾಯಿಯನ್ನು ಮುಂಗಡವಾಗಿ ಗೊತ್ತುಮಾಡಿಕೊಳ್ಳಲು ನಾವು ಓಡಾಡುತ್ತೇವೆ. ಆದರೆ ಆಕೆಗೆ ಸರ್ಟಿಫಿಕೇಟು ಇಲ್ಲ, ರಜೆಯಿಲ್ಲ, ವಿಮೆಯಿಲ್ಲ. ಎರಡೂ ಕೈಯ ಹೆಬ್ಬೆರಳು ಸೋತ ದಿನ ಆಕೆಯ ಸಂಪಾದನೆಯೂ ನಿಂತಿತು.

ಸ್ಪಾ ಥೆರಪಿಸ್ಟ್ ಎಂಬ ಉದ್ಯೋಗ ಈ ಅಜ್ಜಿಯ ಕೈ ಮತ್ತು ಈ ಬಾಯಿಯ ಕೈಗಳದೇ ಮುಂದುವರಿಕೆ. ವ್ಯತ್ಯಾಸವಿರುವುದು ಮೂರರಲ್ಲಿ: ಕ್ರಮವಾದ ಕಲಿಕೆ, ಲಿಖಿತ ನೌಕರಿ, ತಿಂಗಳ ಸಂಬಳ. ಈ ಮೂರೂ ಇದ್ದರೆ ಅದು ಉದ್ಯೋಗ. ಮೂರರಲ್ಲಿ ಒಂದು ಇಲ್ಲವಾದರೂ ಹುಡುಗಿಯ ತಂದೆತಾಯಿ ಎಚ್ಚರದಿಂದ ಇರಬೇಕು.

ಏನನ್ನು ಕಲಿಯಬೇಕು

“ಮೈ ತಿಕ್ಕುವುದಕ್ಕೆ ಕಲಿಯುವುದೇನು?” ಎಂದು ಕೇಳುವವರುಂಟು. ಕಲಿಯುವುದು ಬೇಕಾದಷ್ಟಿದೆ. ಸ್ವೀಡನ್ನಿನ ಪೇರ್ ಹೆನ್ರಿಕ್ ಲಿಂಗ್ ಎಂಬಾತ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಸಂಸ್ಥೆಯೊಂದನ್ನು ಸ್ಥಾಪಿಸಿದ. ಮುಂದೆ ಹಾಲೆಂಡಿನ ವೈದ್ಯ ಮೆಟ್ಸ್‌ಗರ್ ಅಂಗಮರ್ದನದ ಕೈಚಳಕಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿದ. ಅವಕ್ಕೆ ಫ್ರೆಂಚ್ ಹೆಸರುಗಳಿವೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಸವರುವುದು, ನಾದುವುದು, ಉಜ್ಜುವುದು, ತಟ್ಟುವುದು, ನಡುಗಿಸುವುದು ಎಂಬ ಐದು ಬಗೆ. ಚಪಾತಿಯ ಹಿಟ್ಟನ್ನು ನಾದಿದವರಿಗೆ ಎರಡನೆಯದರ ಮರ್ಮ ಬೇಗ ಹೊಳೆಯುತ್ತದೆ. ಇದರ ಜೊತೆಗೆ ಕೇರಳದ ಪಂಚಕರ್ಮದ ಪದ್ಧತಿ, ಥಾಯಿ ಪದ್ಧತಿ ಮುಂತಾದವುಗಳೂ ಸೇರುತ್ತವೆ. 2019ರಲ್ಲಿ ಯುನೆಸ್ಕೋ ಥಾಯಿ ಮರ್ದನಕ್ಕೆ ಮಾನವ ಪರಂಪರೆಯ ಪಟ್ಟಿಯಲ್ಲಿ ಸ್ಥಾನ ಕೊಟ್ಟಿದೆ. ಜಪಾನಿನಲ್ಲಂತೂ 17ನೆಯ ಶತಮಾನದಲ್ಲಿ ಸುಗಿಯಾಮ ವಾಯಿಚಿ ಎಂಬ ಅಂಧ ಗುರು ಅಂಧರಿಗೆ ಈ ವಿದ್ಯೆಯನ್ನು ಕಲಿಸುವ ಶಾಲೆಗಳನ್ನು ತೆರೆದು, ಅದನ್ನು ಅವರ ಗೌರವದ ಜೀವನೋಪಾಯವನ್ನಾಗಿ ಮಾಡಿದ.

ಕೈಯ ಚಲನೆಗಿಂತ ಮೊದಲು ಕಲಿಯಬೇಕಾದುದು ಎಲ್ಲಿ ಕೈ ಇಡಬಾರದು ಎಂಬುದನ್ನು. ಜ್ವರವಿದ್ದವರಿಗೆ, ತೆರೆದ ಗಾಯವಿದ್ದವರಿಗೆ, ಅಂಟುವ ಚರ್ಮರೋಗವಿದ್ದವರಿಗೆ ಮರ್ದನ ಸಲ್ಲದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಸಡಲಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಅಪಾಯ. ಅಂಥವರನ್ನು ಮೇಜಿನ ಮೇಲೆ ಮಲಗಿಸದೆ ವೈದ್ಯರಲ್ಲಿಗೆ ಕಳುಹಿಸಬೇಕು. ಗರ್ಭಿಣಿಯರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಈಚೆಗೆ ಶಸ್ತ್ರಕ್ರಿಯೆಯಾದವರು ವೈದ್ಯರ ಒಪ್ಪಿಗೆಯಿಲ್ಲದೆ ಬರಬಾರದು. ಆದುದರಿಂದಲೇ ಒಳ್ಳೆಯ ಸ್ಥಳದಲ್ಲಿ ಬಂದವರಿಂದ ಮೊದಲು ಒಂದು ಪ್ರಶ್ನಪತ್ರಿಕೆಯನ್ನು ತುಂಬಿಸಿಕೊಳ್ಳುತ್ತಾರೆ. ಫಾರಮು ತುಂಬಿಸದ ಸ್ಪಾವನ್ನು ನಂಬಬೇಡಿರಿ. ಇದನ್ನು ಗುಮಾಸ್ತರ ಪಕ್ಷಪಾತವೆಂದು ನಗಬೇಡಿರಿ.

ಟವೆಲು ಹೊದಿಸುವುದರಲ್ಲಿಯೂ ಶಾಸ್ತ್ರವಿದೆ. ಯಾವ ಭಾಗಕ್ಕೆ ಎಣ್ಣೆ ಹಚ್ಚುತ್ತಿದ್ದಾರೆಯೋ ಅಷ್ಟನ್ನು ಮಾತ್ರ ತೆರೆದು ಉಳಿದ ಮೈಯನ್ನು ಮುಚ್ಚಿಯೇ ಇಡಬೇಕು. ಬಂದವರ ಮಾನಕ್ಕೂ ಕೆಲಸ ಮಾಡುವವರ ಮಾನಕ್ಕೂ ಇದು ರಕ್ಷೆ. ಕೋಣೆಯ ಶುಚಿ, ಚಾದರದ ಬದಲಾವಣೆ, ಎಣ್ಣೆಯ ಗುಣ, ಕಡಿಮೆ ಮಾತು ಇವೆಲ್ಲವೂ ಪಾಠದಲ್ಲಿ ಬರುತ್ತವೆ. ಕೊನೆಯದಾಗಿ ತನ್ನ ಮೈಯನ್ನು ಉಳಿಸಿಕೊಳ್ಳುವ ವಿದ್ಯೆ. ಬರಿಯ ಹೆಬ್ಬೆರಳಿನಿಂದ ಒತ್ತಿದರೆ ಕೆಲವೇ ವರ್ಷಗಳಲ್ಲಿ ಕೀಲುಗಳು ಸೋಲುತ್ತವೆ. ಮೇಜಿನ ಎತ್ತರವನ್ನು ಸರಿಮಾಡಿಕೊಂಡು, ಕಾಲು ಊರಿ, ಮೈಭಾರವನ್ನು ಬಳಸಿ ಒತ್ತುವುದನ್ನು ಕಲಿತವರು ಬಹುಕಾಲ ಬಾಳುತ್ತಾರೆ. ಎಡೆಬಿಡದೆ ಒಬ್ಬರ ಮೇಲೊಬ್ಬರಿಗೆ ಮಾಡಿಸುವ ಮಾಲೀಕನು ಕೆಲಸಗಾರರ ಕೈಯನ್ನೇ ತಿನ್ನುತ್ತಿದ್ದಾನೆ ಎಂದು ತಿಳಿಯಬೇಕು.

ಎಲ್ಲಿ ಕಲಿಯಬೇಕು

ಇದಕ್ಕೆ ದಾರಿಗಳು ಹಲವು. ಕೇಂದ್ರ ಸರಕಾರದ ಕೌಶಲ ಯೋಜನೆಯ ಚೌಕಟ್ಟಿನಲ್ಲಿ ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಎಂಬ ಸಂಸ್ಥೆ ಸಹಾಯಕ ಸ್ಪಾ ಥೆರಪಿಸ್ಟ್, ಸ್ಪಾ ಥೆರಪಿಸ್ಟ್ ಎಂಬ ಮೆಟ್ಟಿಲುಗಳನ್ನು ಗೊತ್ತುಮಾಡಿ ಪರೀಕ್ಷೆ ನಡೆಸುತ್ತದೆ. 2015ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಈ ಬಗೆಯ ಶಿಕ್ಷಣಕ್ಕೆ ಅವಕಾಶವಿದೆ. ಅನುಭವದಿಂದಲೇ ಕೆಲಸ ಕಲಿತವರನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ವ್ಯವಸ್ಥೆಯೂ ಅದರಲ್ಲಿ ಸೇರಿದೆ. ನಮ್ಮ ಮಾಲಿಶ್‌ವಾಲಿ ಬಾಯಿಗಳಿಗೆ ಇದನ್ನು ಯಾರಾದರೂ ತಿಳಿಸಿ ಹೇಳಿದರೆ ಪುಣ್ಯ ಬಂದೀತು. ಆಯುರ್ವೇದದ ಕಡೆ ಒಲವಿದ್ದವರಿಗೆ ಪಂಚಕರ್ಮ ಟೆಕ್ನಿಶಿಯನ್ ಶಿಕ್ಷಣ ಬೇರೆಯೇ ಇದೆ. ಹೊರದೇಶದ ನೌಕರಿಯ ಗುರಿಯಿದ್ದವರು ಸಿಡೆಸ್ಕೋ ಡಿಪ್ಲೊಮಾದಂಥದನ್ನು ಹುಡುಕುತ್ತಾರೆ. 1946ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಕೇಂದ್ರ ಕಚೇರಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿದೆ. ಅದರ ಖರ್ಚು ಹೆಚ್ಚು. ಸಾಲ ಮಾಡುವ ಮೊದಲು ಎರಡು ಸಲ ಯೋಚಿಸಬೇಕು.

ಖಾಸಗಿ ಕ್ಲಾಸುಗಳು ಊರ ತುಂಬ ಇವೆ. ಹಣ ಕಟ್ಟುವ ಮೊದಲು ಒಂದು ಪ್ರಶ್ನೆ ಸಾಕು: “ನೀವು ಕೊಡುವ ಸರ್ಟಿಫಿಕೇಟಿನ ಮೇಲೆ ಯಾರ ಮೊಹರು ಇರುತ್ತದೆ?” ಕ್ಲಾಸಿನ ಹೆಸರು ಮಾತ್ರವೆಂದರೆ ಆ ಕಾಗದಕ್ಕೆ ಬೇರೆ ಊರಿನಲ್ಲಿ ಬೆಲೆ ಕಡಿಮೆ. ಇನ್ನೊಂದು ಮಾತು: ಸ್ಪಾ ಥೆರಪಿಸ್ಟ್ ಬೇರೆ, ಫಿಸಿಯೋಥೆರಪಿಸ್ಟ್ ಬೇರೆ. ಎರಡನೆಯದು ನಾಲ್ಕು ವರ್ಷಕ್ಕೂ ಮೀರಿದ ಪದವಿ ಶಿಕ್ಷಣ. ಸ್ಪಾದವರು ದಣಿದ ಮೈಗೆ ವಿಶ್ರಾಂತಿ ಕೊಡಬಲ್ಲರು. ರೋಗ ವಾಸಿಮಾಡುತ್ತೇವೆಂದು ಹೇಳಿಕೊಳ್ಳಬಾರದು.

ಸಂಬಳದ ಮಾತು. ಪ್ರಾರಂಭದಲ್ಲಿ ಅದು ಹೆಚ್ಚಿರದು. ಕಮಿಶನ್ನು, ಭಕ್ಷೀಸುಗಳು ಸೇರಿ ತಿಂಗಳು ತಿಂಗಳಿಗೆ ಏರಿಳಿಯುತ್ತದೆ. ಆದುದರಿಂದ ಮೂಲ ಸಂಬಳವೆಷ್ಟು ಎಂಬುದನ್ನು ಬರಹದಲ್ಲಿ ಪಡೆಯಬೇಕು. ಅನುಭವ ಬಂದಂತೆ ಹಿರಿಯ ಥೆರಪಿಸ್ಟ್, ಶಿಕ್ಷಕಿ, ಮ್ಯಾನೇಜರ್ ಎಂದು ಮೇಲೇರುವ ಮೆಟ್ಟಿಲುಗಳಿವೆ. ನವಿ ಮುಂಬಯಿಯ ವಿಮಾನ ನಿಲ್ದಾಣದಲ್ಲಿ 2025ರ ಡಿಸೆಂಬರಿನಿಂದ ವಿಮಾನಗಳ ಓಡಾಟ ಪ್ರಾರಂಭವಾಗಿದೆ. ವಿಮಾನ ಇಳಿಯುವಲ್ಲಿ ಹೋಟೆಲು ಏಳುವುದು ಸಹಜ. ದೊಡ್ಡ ಹೋಟೆಲು ಎದ್ದಲ್ಲಿ ಸ್ಪಾ ಇರುವುದೂ ಸಹಜ. ಕೆಲಸದ ಅವಕಾಶ ನಮ್ಮ ಬಾಗಿಲಿಗೇ ಬರುತ್ತಿದೆ ಎಂದರೆ ತಪ್ಪಾಗದು.

“ಮಂದಿ ಏನಂದಾರು?”

ಇಷ್ಟೆಲ್ಲ ಇದ್ದರೂ ಮನೆಯವರ ಮೌನಕ್ಕೆ ಕಾರಣವಿದೆ, ಅದನ್ನು ಮುಚ್ಚಿಡುವುದು ಬೇಡ. ಸ್ಪಾ ಎಂಬ ಬೋರ್ಡಿನ ಹಿಂದೆ ನೀಚ ವ್ಯಾಪಾರ ನಡೆಸುವವರು ಇದ್ದಾರೆ. ಪೋಲೀಸರು ದಾಳಿ ಮಾಡಿದ ಸುದ್ದಿ ಮರಾಠಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. 1956ರ ಅನೈತಿಕ ವ್ಯವಹಾರ ತಡೆ ಕಾಯಿದೆ ಇರುವುದೇ ಅಂಥವರಿಗಾಗಿ. 2021ರಲ್ಲಿ ದಿಲ್ಲಿಯ ಸರಕಾರವು ಗಂಡಸರಿಗೆ ಹೆಂಗಸರು, ಹೆಂಗಸರಿಗೆ ಗಂಡಸರು ಮರ್ದನ ಮಾಡಕೂಡದೆಂದು ನಿಯಮ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟು ಆ ನಿಷೇಧಕ್ಕೆ ತಡೆ ಹಾಕಿತು. ಸಾರಾಸಗಟಾದ ನಿಷೇಧಕ್ಕೂ ದುರಾಚಾರವನ್ನು ತಡೆಯುವ ಉದ್ದೇಶಕ್ಕೂ ಸರಿಯಾದ ಸಂಬಂಧ ಕಾಣುವುದಿಲ್ಲವೆಂಬುದು ಕೋರ್ಟಿನ ಅಭಿಪ್ರಾಯವಾಗಿತ್ತು. ಕೋರ್ಟಿನ ಮಾತು ಕೋರ್ಟಿನದು. ಮನೆಯ ಮಾತು ಬೇರೆಯೇ ಇರುತ್ತದೆ.

ಕಲ್ಯಾಣ ಪೂರ್ವದಲ್ಲಿ ನಮಗೆ ಪರಿಚಯದ ಒಂದು ಕುಟುಂಬವಿದೆ, ವಿಜಯಪುರದ ಕಡೆಯವರು. ಮಗಳು ಹನ್ನೆರಡನೆಯ ಇಯತ್ತೆ ಮುಗಿಸಿ, ಸ್ಪಾ ಶಿಕ್ಷಣ ಪಡೆದು, ನವಿ ಮುಂಬಯಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಬಂಧುಗಳಿಗೆ ಮಾತ್ರ “ಹೋಟೆಲ್ ರಿಸೆಪ್ಶನ್ನಿನ್ಯಾಗ ಅದಾಳ” ಎಂದು ಹೇಳಿಟ್ಟಿದ್ದರು. ನಾವು ಈ ಲೇಖನದ ಸಲುವಾಗಿ ಕೇಳಿದಾಗ ತಾಯಿ ಮೊದಲು ಹಿಂಜರಿದರು.

“ನೋಡ್ರಿ ಸರ, ಕೆಲಸದಾಗ ಏನೂ ಕೆಟ್ಟಿಲ್ಲ ಅಂತ ಆಕಿ ಹೇಳ್ತಾಳ. ಆದ್ರ ನಾಳೆ ವರಾ ನೋಡೂ ಮುಂದ ಮಂದಿ ಏನಂದಾರು?”

“ಬಾಯಾರ, ನೀವು ಒಮ್ಮೆ ಆ ಜಾಗಕ್ಕ ಹೋಗಿ ನೋಡಿ ಬಂದೀರೇನು?” ಎಂದು ನಾವು ಕೇಳಿದೆವು.

“ಇಲ್ಲರೀ. ನಾ ಹ್ಯಾಂಗ ಹೋಗಲಿ?”

ಬಾಗಿಲ ಬಳಿ ನಿಂತಿದ್ದ ಮಗಳು ಆಗ ಬಾಯಿಬಿಟ್ಟಳು. “ಅವ್ವ ಬಂದ್ರ ನನಗ ಧೈರ್ಯರೀ, ಸರ. ಮೊದಲ ಒಂದು ಕಡೆ ಇದ್ನಲ್ಲ, ಅಲ್ಲಿ ಮಾಲಕನ ನಡತಿ ಛಲೋ ಇರಲಿಲ್ಲ. ಮನ್ಯಾಗ ಹೇಳಿದ್ರ ಇದನ್ನ ಬಿಡಸ್ತಾರ ಅಂತ ಎರಡು ತಿಂಗಳು ಬಾಯಿ ಮುಚ್ಚಿಕೊಂಡು ಇದ್ದೆ. ಆಮ್ಯಾಲೆ ನಾನ ಬಿಟ್ಟು ಬಂದೆ.”

ತಾಯಿಗೆ ಈ ವಿಷಯ ತಿಳಿದದ್ದು ಆಗಲೇ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. “ನನಗ ಹೇಳಬೇಕಾಗಿತ್ತವ್ವಾ” ಎಂದಷ್ಟೇ ಅಂದರು.

ಆ ವಾರದಲ್ಲಿಯೇ ತಾಯಿ ಹೊಸ ಸ್ಥಳವನ್ನು ನೋಡಿ ಬಂದರೆಂದು ಆಮೇಲೆ ತಿಳಿಯಿತು. ಅಲ್ಲಿಯ ಮೇಲ್ವಿಚಾರಕಿ ಕೋಣೆಗಳನ್ನು ತೋರಿಸಿದರಂತೆ, ಫಾರಮು ತೋರಿಸಿದರಂತೆ. “ಆಸ್ಪತ್ರೀ ಹಂಗ ಸ್ವಚ್ಛ ಅದರೀ” ಎಂಬುದು ತಾಯಿಯ ಪ್ರಶಸ್ತಿಪತ್ರ. ಈಗ ಅವರ ಚಿಂತೆ ಸ್ಪಾದ ಬಗ್ಗೆ ಉಳಿದಿಲ್ಲ, ರಾತ್ರಿಯ ಠಾಣೆ ಲೋಕಲಿನ ಬಗ್ಗೆ ಇದೆ. ಅದು ಯೋಗ್ಯವಾದ ಚಿಂತೆ.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿಯೇ ಇದೆ. ನಾವು ನಾಚಿಕೆಪಟ್ಟು ಮುಚ್ಚಿಡುವುದರಿಂದ ಕೆಲಸ ಶುದ್ಧವಾಗುವುದಿಲ್ಲ. ಮಗಳು ಮಾತ್ರ ಒಂಟಿಯಾಗುತ್ತಾಳೆ. ಕೆಟ್ಟ ಮಾಲಕನಿಗೆ ಬೇಕಾಗಿರುವುದೂ ಅದೇ: ಮನೆಯಲ್ಲಿ ಬಾಯಿ ಬಿಡಲಾರದ ಹುಡುಗಿ. ಮನೆಯವರು ಬೆನ್ನಿಗಿದ್ದಾರೆಂದು ಗೊತ್ತಿದ್ದವಳು ಮೊದಲನೆಯ ದಿನವೇ ಕೈಚೀಲ ಎತ್ತಿಕೊಂಡು ಹೊರಟು ಬರಬಲ್ಲಳು.

ಹೋಟೆಲಿನ ನೆನಪು

ಕೆಲಸಕ್ಕೆ ಅಂಟಿದ ಹೆಸರು ಹೇಗೆ ಬದಲಾಗುತ್ತದೆ ಎಂಬುದಕ್ಕೆ ನಮ್ಮವರಿಗೆ ಹೊರಗಿನ ಉದಾಹರಣೆ ಬೇಡ. ಅನ್ನವನ್ನು ಮಾರಬಾರದು, ಅದು ಪಾಪವೆಂದು ಎಣಿಸಿದ ಕಾಲವೊಂದಿತ್ತು. ಅಂಥ ಕಾಲದ ಮನೆಗಳಿಂದಲೇ ಹುಡುಗರು ಉಡುಪಿಯ ಕಡೆಯಿಂದ ಮುಂಬಯಿಗೆ ಬಂದು, ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಹೋಟೆಲು ಇಟ್ಟರು. 1942ರಲ್ಲಿ ರಾಮ ನಾಯಕರು ಮಾಟುಂಗದಲ್ಲಿ ಪ್ರಾರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಲೆ ಊಟವನ್ನು ಇಂದು ಎಲ್ಲರೂ ಹೊಗಳುತ್ತಾರೆ. ಶುಚಿ, ರುಚಿ, ಸರಿಯಾದ ಲೆಕ್ಕ ಇವುಗಳಿಂದ ಆ ಕಸುಬು ತನ್ನ ಮಾನವನ್ನು ತಾನೇ ಸಂಪಾದಿಸಿಕೊಂಡಿತು. ನರ್ಸಿನ ಕೆಲಸಕ್ಕೂ ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂದಿನವರು ಅಂಜಿದ್ದುಂಟು. ಪರರ ಮೈ ಮುಟ್ಟುವ ಕೆಲಸವೆಂಬುದೇ ಅಲ್ಲಿಯೂ ಆಕ್ಷೇಪ. ಇಂದು ನರ್ಸು ಸೊಸೆ ಬೇಕೆನ್ನುವವರಿದ್ದಾರೆ.

ತಂದೆತಾಯಿಗಳಿಗೆ ಒಂದು ಪಟ್ಟಿ

ಇನ್ನು ವ್ಯವಹಾರದ ಮಾತು. ಮಗಳಾಗಲಿ ಮಗನಾಗಲಿ (ಗಂಡುಮಕ್ಕಳೂ ಈ ಕಸುಬಿನಲ್ಲಿ ಬೇಕಾದಷ್ಟು ಇದ್ದಾರೆ) ಕೆಲಸಕ್ಕೆ ಸೇರುವ ಮೊದಲು ಕೆಳಗಿನವುಗಳನ್ನು ನೋಡಿಕೊಳ್ಳಿರಿ.

ಮೊದಲನೆಯದು, ಹಗಲಿನಲ್ಲಿ ನೀವೇ ಹೋಗಿ ಸ್ಥಳವನ್ನು ನೋಡಿರಿ. ಮನೆಯವರು ಬರುವುದನ್ನು ಬೇಡವೆನ್ನುವ ಸ್ಥಳವಾದರೆ ಅಲ್ಲಿಂದಲೇ ತಿರುಗಿ ಬನ್ನಿರಿ. ನೋಂದಣಿಯ ಕಾಗದ ಗೋಡೆಯ ಮೇಲಿದೆಯೇ, ದರಪಟ್ಟಿ ಬಹಿರಂಗವಾಗಿದೆಯೇ, ಮೇಲ್ವಿಚಾರಕರು ಯಾರು ಎಂಬುದನ್ನು ಕೇಳಿರಿ.

ಎರಡನೆಯದು, ನೇಮಕದ ಪತ್ರ. ಅದರಲ್ಲಿ ಸಂಬಳ, ವೇಳೆ, ವಾರದ ರಜೆ ಬರೆದಿರಬೇಕು. ಮೂಲ ಸರ್ಟಿಫಿಕೇಟುಗಳನ್ನು ಮಾಲಕರ ವಶಕ್ಕೆ ಕೊಡಬಾರದು, ನಕಲು ಸಾಕು.

ಮೂರನೆಯದು, ವಿಮೆ. ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇ.ಎಸ್.ಐ., ಅನ್ವಯಿಸುವ ಸಂಸ್ಥೆಯಾಗಿದ್ದರೆ ಮಗಳ ಹೆಸರನ್ನು ಸೇರಿಸಿದ್ದಾರೆಯೇ ಎಂದು ವಿಚಾರಿಸಿರಿ. 2017ರಲ್ಲಿ ಗೊತ್ತಾದಂತೆ ಇದರ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ನೌಕರರ ಪಾಲು 2019ರಿಂದ ನೂರಕ್ಕೆ 75 ಪೈಸೆ ಮಾತ್ರ.

ನಾಲ್ಕನೆಯದು, ರಾತ್ರಿಯ ಪಾಳಿ. ದೊಡ್ಡ ಸಂಸ್ಥೆಗಳಿಗೆ ಅನ್ವಯಿಸುವ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯ ಪ್ರಕಾರ ರಾತ್ರಿ 9-30ರ ನಂತರ ಹೆಂಗಸರಿಂದ ಕೆಲಸ ಮಾಡಿಸಬೇಕಾದರೆ ಅವರ ಒಪ್ಪಿಗೆ ಬೇಕು. ಮನೆಯ ಬಾಗಿಲವರೆಗೆ ವಾಹನ ಸಹ ಕೊಡಬೇಕು. ಚಿಕ್ಕ ಅಂಗಡಿಗಳಲ್ಲಿ ಇದನ್ನು ಮಾತಾಡಿಯೇ ಗೊತ್ತುಮಾಡಿಕೊಳ್ಳಬೇಕು. ಡೊಂಬಿವಲಿಯಿಂದ ನವಿ ಮುಂಬಯಿಗೆ ಹೋಗುವವರು ಠಾಣೆಯಲ್ಲಿ ಗಾಡಿ ಬದಲಿಸಬೇಕಾಗುವುದರಿಂದ ಕೆಲಸ ಬಿಡುವ ವೇಳೆಯನ್ನು ಗಾಡಿಯ ವೇಳೆಯೊಡನೆ ಹೊಂದಿಸಿ ನೋಡಿರಿ. ರೈಲ್ವೆ ಪೋಲೀಸರ ಸಹಾಯಕ್ಕೆ 1512, ಬೇರೆ ಯಾವ ಸಂಕಟಕ್ಕೂ 112 ಎಂಬ ಫೋನ್ ಸಂಖ್ಯೆಗಳನ್ನು ಬಾಯಿಪಾಠ ಮಾಡಿಸಿರಿ.

ಐದನೆಯದು ಬಹು ಮುಖ್ಯ. ಕೆಲಸದ ಸ್ಥಳದಲ್ಲಿ ಹೆಂಗಸರಿಗೆ ಕಿರುಕುಳವಾಗದಂತೆ 2013ರ ಕಾಯಿದೆಯಿದೆ. ಹತ್ತು ಮತ್ತು ಹೆಚ್ಚು ಜನ ಕೆಲಸ ಮಾಡುವಲ್ಲಿ ಒಳಗಿನ ಸಮಿತಿಯೊಂದು ಇರಲೇಬೇಕು. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಮಾಲಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಾನಿಕ ಸಮಿತಿಗೆ ಬರೆಯಬಹುದು. ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು. ಕೆಟ್ಟದಾಗಿ ವರ್ತಿಸಿದ ಗಿರಾಕಿಯನ್ನು ಅರ್ಧದಲ್ಲಿಯೇ ಬಿಟ್ಟು ಕೋಣೆಯಿಂದ ಹೊರಗೆ ಬರುವ ಹಕ್ಕು ಥೆರಪಿಸ್ಟಿಗೆ ಇದೆಯೇ ಎಂದು ಸೇರುವ ದಿನವೇ ಕೇಳಿರಿ. “ಇದೆ” ಎಂದು ತಡವರಿಸದೆ ಹೇಳುವ ಸ್ಥಳ ಒಳ್ಳೆಯದು.

ಹೊರದೇಶದ ಆಸೆ ತೋರಿಸುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೊಲ್ಲಿ ದೇಶಗಳಲ್ಲಿ, ಮಾಲ್ದೀವಿನಲ್ಲಿ, ಪ್ರವಾಸಿ ಹಡಗುಗಳಲ್ಲಿ ನಿಜವಾದ ಕೆಲಸಗಳಿವೆ. ಆದರೆ 1983ರ ವಲಸೆ ಕಾಯಿದೆಯ ಪ್ರಕಾರ ನೋಂದಣಿ ಪಡೆದ ಏಜೆಂಟರು ಮಾತ್ರ ಕೊಲ್ಲಿ ಮೊದಲಾದ ದೇಶಗಳ ಕೆಲಸಕ್ಕೆ ಜನರನ್ನು ಕಳುಹಿಸಬಹುದು. ಅವರು ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯ ಮಿತಿಯಿದೆ. ಏಜೆಂಟರ ಹೆಸರು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ನೋಡಬಹುದು. “ಈಗ ಟೂರಿಸ್ಟ್ ವೀಸಾದಲ್ಲಿ ಹೋಗಿ, ಕೆಲಸದ ವೀಸಾ ಅಲ್ಲಿ ಆಮೇಲೆ ಮಾಡಿಸೋಣ” ಎನ್ನುವವರಿಗೆ ಚಹಾ ಕೊಟ್ಟು ಕಳುಹಿಸಿಬಿಡಿರಿ. ಪಾಸ್‌ಪೋರ್ಟು ಮಾತ್ರ ಕೊಡಬೇಡಿರಿ.

ಕೊನೆಯ ಮಾತು

ಎಲ್ಲ ಮಕ್ಕಳೂ ಈ ಕೆಲಸಕ್ಕೆ ಹೋಗಲಿ ಎಂದು ನಾವು ಹೇಳುವುದಿಲ್ಲ. ಕೈಯಲ್ಲಿ ಶಕ್ತಿ, ಮನಸ್ಸಿನಲ್ಲಿ ತಾಳ್ಮೆ, ಮಾತಿನಲ್ಲಿ ಮಿತ ಇರುವವರಿಗೆ ಮಾತ್ರ ಇದು ಹೊಂದುತ್ತದೆ. ದಿನವಿಡೀ ನಿಂತೇ ಮಾಡುವ ಕೆಲಸ. ಹಬ್ಬದ ದಿನ, ಆದಿತ್ಯವಾರಗಳಲ್ಲಿಯೇ ಗಿರಾಕಿ ಹೆಚ್ಚು. ಇದನ್ನೆಲ್ಲ ತಿಳಿದೂ ಒಪ್ಪಿ ಹೊರಟವರನ್ನು ತಡೆಯುವುದಕ್ಕಿಂತ ಅವರೊಡನೆ ಒಂದು ಸಲ ಆ ಬಾಗಿಲವರೆಗೆ ಹೋಗಿ ಬರುವುದು ಲೇಸು.

ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಭೇಟಿಯಾದಾಗ ಯಾರಾದರೊಬ್ಬ ಹುಡುಗಿ “ಸ್ಪಾದಲ್ಲಿ ಕೆಲಸ ಮಾಡುತ್ತೇನೆ” ಎಂದು ಹೇಳಿದರೆ ಮುಖ ನೋಡಿಕೊಳ್ಳದೆ ಎರಡು ಪ್ರಶ್ನೆ ಕೇಳೋಣ: “ಎಲ್ಲಿ ಕಲಿತೆ, ಮಗಳೇ?” ಮತ್ತು “ರಾತ್ರಿ ಮನೆಗೆ ಯಾವ ಗಾಡಿಗೆ ಬರುತ್ತೀ?” ಇವೆರಡಕ್ಕೂ ಅವಳಲ್ಲಿ ನೆಟ್ಟಗಿನ ಉತ್ತರವಿದ್ದರೆ ಮೂರನೆಯ ಪ್ರಶ್ನೆಯ ಅಗತ್ಯವಿಲ್ಲ.